ಕಾಂತರಾಜು ಕೊರೆದ ಜೆಟ್ಟು

ಕಟ್ಟಾಯದ ಕಾಂತರಾಜು ಹಾಸನದಲ್ಲಿ ಗ್ಯಾರೇಜು ಇಟ್ಟು ಹತ್ತು ವರ್ಷವಾಗಿತ್ತು. ಅವನ ಹೆಸರು ಹಬ್ಬಿದ್ದು ಒಂದೇ ಕೆಲಸದಿಂದ. ಕಾರ್ಬುರೇಟರಿನೊಳಗೆ ಪೆಟ್ರೋಲು ಹಾಯುವ ಸಣ್ಣ ಹಿತ್ತಾಳೆ ಜೆಟ್ಟಿನ ತೂತನ್ನು ಅವನು ಕೂದಲೆಳೆಯಷ್ಟು ಹಿಗ್ಗಿಸಿಕೊಟ್ಟರೆ ಮುದಿ ಕಾರೂ ಏರಿನಲ್ಲಿ ಚಿಮ್ಮುತ್ತಿತ್ತು. ಅರಕಲಗೂಡು, ಚನ್ನರಾಯಪಟ್ಟಣದಿಂದಲೂ ಕಾರಿನ ಹುಚ್ಚಿನವರು ಹುಡುಕಿಕೊಂಡು ಬರುತ್ತಿದ್ದರು. ಹೊಗೆ ಕಪ್ಪಗೆ ಬರುತ್ತದಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ.

ಹೊಳೆನರಸೀಪುರದ ಹೈಸ್ಕೂಲು ಮೇಷ್ಟ್ರು ಪ್ರದ್ಯುಮ್ನ ಅಂಥವರಲ್ಲೊಬ್ಬರು. 2001ರ ಜುಲೈನಲ್ಲಿ ಅವರ ಬಿಳಿ ಪದ್ಮಿನಿ ಕಾರಿಗೆ ಹದಿನೈದು ವರ್ಷ ತುಂಬಿತು. ನೋಂದಣಿ ನವೀಕರಿಸಲು ಹೊಗೆ ತಪಾಸಣೆಯ ಚೀಟಿ ಬೇಕು. ವಿಷಾನಿಲ ಶೇಕಡಾ ಮೂರು ದಾಟಬಾರದು. ಹಿಗ್ಗಿದ ಜೆಟ್ಟಿನ ಹೆಚ್ಚುವರಿ ಪೆಟ್ರೋಲು ಪೂರ್ತಿ ಉರಿಯದೆ, ಯಂತ್ರ ಆರೂವರೆ ತೋರಿಸಿತು. ಉಳಿದಿದ್ದು ಎರಡೇ ದಿನ.

ಜೆಟ್ಟು ಬದಲಾಯಿಸಿದರೆ ಎಳೆತ ಹೋಗುತ್ತದೆಂದು ಮೇಷ್ಟ್ರು ಒಪ್ಪಲಿಲ್ಲ. ಕಾಂತರಾಜುವಿಗೂ ತನ್ನ ಕೈಕೆಲಸವನ್ನು ತಾನೇ ಕಿತ್ತುಹಾಕುವ ಮನಸ್ಸಿರಲಿಲ್ಲ. ತಪಾಸಣೆ ನಡೆಯುವುದು ಕಾರು ನಿಂತಿರುವಾಗ. ಆಗ ಹಾಯುವ ಪೆಟ್ರೋಲಿನ ಅಳತೆಗೆ ಬೇರೆಯೇ ಒಂದು ಸ್ಕ್ರೂ ಇದೆ. ಅದನ್ನು ಬಿಗಿ ಮಾಡಿದ. ಇಂಜಿನ್ನು ನಡುಗುತ್ತಾ ಎರಡೂ ಮುಕ್ಕಾಲು ತೋರಿಸಿತು. ಚೀಟಿ ಕೈಗೆ ಬಂದೊಡನೆ ಸ್ಕ್ರೂ ಸಡಿಲಿಸಿದ.

ಎಳೆತ ನೋಡಿಬಿಡೋಣ ಬಾ ಎಂದು ಮೇಷ್ಟ್ರು ಅವನನ್ನೂ ಹತ್ತಿಸಿಕೊಂಡು ಊರಿನ ಕಡೆ ಹೊರಟರು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಶ್ರೀಗೌರಿ. ಹೊರಗೆ ಜಡಿಮಳೆ, ಗಾಜುಗಳನ್ನೆಲ್ಲ ಏರಿಸಿದ್ದರು. ಏರಿನಲ್ಲಿ ಕಾರು ನಾಲ್ಕನೇ ಗೇರಿನಲ್ಲೇ ನುಗ್ಗಿದಾಗ ಮೇಷ್ಟ್ರು ಜೋರಾಗಿ ನಕ್ಕರು.

ಮೊಸಳೆಹೊಸಹಳ್ಳಿ ದಾಟುವಷ್ಟರಲ್ಲಿ ಕಾಂತರಾಜುವಿನ ತಲೆ ಸಿಡಿಯತೊಡಗಿತು. ತಿಂಡಿ ತಿಂದಿಲ್ಲ, ಅದಕ್ಕೇ ಇರಬೇಕೆಂದುಕೊಂಡ. ಎದುರು ಲಾರಿ ಬಂದಿತು. ಮೇಷ್ಟ್ರು ತಡವಾಗಿ ಪಕ್ಕಕ್ಕೆಳೆದರು. ಕಾರು ಮಣ್ಣಿಗಿಳಿದು ಮತ್ತೆ ರಸ್ತೆ ಹತ್ತಿತು. ಯಾಕೋ ತೂಕಡಿಕೆ ಎಂದು ಅವರು ಗೊಣಗಿದರು. ಇಂಥ ಹೊತ್ತಿನಲ್ಲಿ ಶ್ರೀಗೌರಿ ಬೈಯದೆ ಬಿಡುವವರಲ್ಲ. ಕಾಂತರಾಜು ತಿರುಗಿ ನೋಡಿದ. ಆಕೆಯ ತಲೆ ಗಾಜಿಗೆ ವಾಲಿತ್ತು. ಕೂಗಿದರೂ ಕಣ್ಣು ಬಿಡಲಿಲ್ಲ.

"ಸಾ, ಗಾಡಿ ನಿಲ್ಸಿ. ಒಗೆ ಒಳೀಕ್ ಬತ್ತಾ ಐತೆ."

ಮೇಷ್ಟ್ರಿಗೆ ಮಾತು ಮುಟ್ಟಲಿಲ್ಲ. ಕಾಂತರಾಜು ಅಡ್ಡ ಬಾಗಿ ಸ್ಟೀರಿಂಗು ಹಿಡಿದ, ಇಂಜಿನ್ನು ಆರಿಸಿದ, ಕಾರನ್ನು ಬದಿಗೆ ತಂದ. ಬಾಗಿಲು ಹಿಡಿದುಕೊಂಡು ಇಳಿದ. ಹಿಂದಿನ ಬಾಗಿಲು ತೆಗೆದು ಶ್ರೀಗೌರಿಯನ್ನು ಮಳೆಯಲ್ಲೇ ಹುಲ್ಲಿನ ಮೇಲೆ ಮಲಗಿಸಿದ. ಉಸಿರಿತ್ತು, ಇದ್ದೂ ಇಲ್ಲದಂತೆ. ಮೇಷ್ಟ್ರು ಹೆಂಡತಿಯ ಹೆಸರು ಕರೆಯುತ್ತಾ ಕೆಸರಿನಲ್ಲಿ ಕುಸಿದು ಕುಳಿತರು. ಮೂರು ವಾಹನ ನಿಲ್ಲದೆ ಹೋದವು. ನಾಲ್ಕನೆಯದಾಗಿ ಬಂದ ಟೆಂಪೊಗೆ ಕಾಂತರಾಜು ನಡುರಸ್ತೆಯಲ್ಲಿ ಅಡ್ಡ ನಿಂತ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಮೂರು ಗಂಟೆಯಾದ ಮೇಲೆ ಶ್ರೀಗೌರಿ ನೀರು ಕೇಳಿದರು. ಇನ್ನು ಹತ್ತು ನಿಮಿಷ ಗಾಜು ಮುಚ್ಚಿಕೊಂಡಿದ್ದರೆ ಕಷ್ಟವಿತ್ತು ಎಂದು ವೈದ್ಯರು ಹೇಳಿದರು.

ಮರುದಿನ ಕಾರಿನಡಿ ಮಲಗಿ ನೋಡಿದ. ಸೈಲೆನ್ಸರ್ ಪೈಪು ತುಕ್ಕು ಹಿಡಿದು ಒಡೆದಿತ್ತು. ಅದರ ಮೇಲೇ ನೆಲದ ತಗಡಿನಲ್ಲಿ ಎರಡು ಬೆರಳಗಲದ ತೂತು. ಪೈಪಿನ ತಪ್ಪಿಗೆ ನೀನೇನು ಮಾಡುತ್ತೀಯ ಎಂದು ಮೇಷ್ಟ್ರು ಸಮಾಧಾನ ಹೇಳಿದರು.

"ಪೈಪು ಒಡ್ದಿದ್ದು ದಿಟ ಸಾ. ಅದ್ರಲ್ಲಿ ಅಷ್ಟು ವಿಸ ತುಂಬ್ದೋನು ನಾನು."

ಪೈಪು ಬೆಸೆದ, ತಗಡು ಹಾಕಿದ, ಕಂಪನಿ ಅಳತೆಯ ಜೆಟ್ಟು ಕೂರಿಸಿದ. ಮೂರು ದಿನ ವಾಲ್ವು, ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು ಎಲ್ಲ ಹದ ಮಾಡಿ ಮತ್ತೆ ತಪಾಸಣೆಗೆ ಒಯ್ದ. ಸ್ಕ್ರೂ ತಿರುಚದೆ ಎರಡೂವರೆ ಬಂತು. ಏರಿನಲ್ಲಿ ಮಾತ್ರ ಮೂರನೇ ಗೇರು ಬೇಕಾಯಿತು. ಮೇಷ್ಟ್ರು ಗೇರು ಇಳಿಸಿದರು.

ಆಮೇಲೆ ಕಾಂತರಾಜು ತಾನು ಜೆಟ್ಟು ಕೊರೆದುಕೊಟ್ಟ ಹದಿನೇಳು ಕಾರುಗಳ ಮಾಲೀಕರ ಮನೆಮನೆಗೂ ಹೋದ. ಗಾಡಿ ತನ್ನಿ, ಸರಿಮಾಡಿಕೊಡುತ್ತೇನೆ ಎಂದು ಬೇಡಿಕೊಂಡ. ಹದಿಮೂರು ಮಂದಿ ತಂದರು. ಉಳಿದ ನಾಲ್ವರು ನಕ್ಕು, ಬೇರೆ ಗ್ಯಾರೇಜು ಹಿಡಿದರು. ಆ ನಾಲ್ಕು ಕಾರಿನ ನಂಬರುಗಳೂ ಅವನಿಗೆ ಬಾಯಿಪಾಠವಾಗಿದ್ದವು. ಬೀದಿಯಲ್ಲಿ ಅವುಗಳಲ್ಲಿ ಒಂದು ಹಾದುಹೋದರೂ ಕೈಲಿದ್ದ ಸ್ಪ್ಯಾನರು ಅಲ್ಲೇ ಬಿಟ್ಟು ಎದ್ದು ನಿಂತು, ಹಿಂದಿನ ಸೀಟಿನಲ್ಲಿ ಯಾರಿದ್ದಾರೆಂದು ನೋಡುತ್ತಿದ್ದ.