ಹಗೇವು ಮುಚ್ಚುವ ಕ್ರಮ

ನಮ್ಮ ಮಹಾದೇವಿ ಪಾಸಾದಳು! ಮೊದಲು ಇದೊಂದು ಮಾತು ಹೇಳಿಬಿಡುತ್ತೇನೆ. ಉಳಿದದ್ದನ್ನು ನೀವು ಕಟ್ಟೆಯ ಮೇಲೆ ಕುಳಿತು ಸಾವಕಾಶವಾಗಿ ಕೇಳಿರಿ. ಎಕ್ಸ್‌ಎಂಎಲ್ ಎಂಬ ಆ ಕಂಪ್ಯೂಟರ್ ಪರೀಕ್ಷೆಯ ಹೆಸರು ಹೇಳುವಷ್ಟರಲ್ಲಿ ನನ್ನ ಬಾಯಲ್ಲಿ ಉಳಿದಿರುವ ನಾಲ್ಕು ಹಲ್ಲುಗಳೂ ಅಲ್ಲಾಡುತ್ತವೆ. ಆದರೂ ಇಂದು ಮಧ್ಯಾಹ್ನದಿಂದ ನಮ್ಮೂರು ಕಿಣ್ಣಿ ಸುಲ್ತಾನದ ಬಸ್ ನಿಲ್ಲುವ ಜಾಗದಿಂದ ಹಿಟ್ಟಿನ ಗಿರಣಿಯವರೆಗೆ ಕಂಡಕಂಡವರಿಗೆಲ್ಲ ಅದನ್ನೇ ಹೇಳುತ್ತ ತಿರುಗಿದ್ದೇನೆ. ಮಹಾದೇವಿ ನನ್ನ ಮೊಮ್ಮಗಳು. ನಾನೋ, ಎರಡನೆಯ ಇಯತ್ತೆಗೇ ಶಾಲೆ ಬಿಟ್ಟು ಪಾಟಿ ಕೆಳಗಿಟ್ಟವನು.

ಆಳಂದದ ಕಂಪ್ಯೂಟರ್ ಕ್ಲಾಸಿನಲ್ಲಿ ಆಕೆ ಕಲಿಯುವ ವಿದ್ಯೆ ನನಗೆ ತಿಳಿದಮಟ್ಟಿಗೆ ಇಷ್ಟು: ಯಾವುದು ಏನೆಂದು ಯಂತ್ರಕ್ಕೆ ತಾನಾಗಿ ತಿಳಿಯದು, ಆದ್ದರಿಂದ ಪ್ರತಿಯೊಂದರ ಮುಂದೆ ತೆರೆಯುವ ಗುರುತು, ಹಿಂದೆ ಮುಚ್ಚುವ ಗುರುತು ಬರೆಯಬೇಕು. ಅದಕ್ಕೆ ಟ್ಯಾಗ್ ಎನ್ನುತ್ತಾರಂತೆ. ಮನೆಯೊಳಗೆ ಅಡುಗೆಮನೆ, ಅಡುಗೆಮನೆಯೊಳಗೆ ಗಡಿಗೆ, ಗಡಿಗೆಯೊಳಗೆ ಜೋಳ, ಹೀಗೆ ಒಂದರ ಹೊಟ್ಟೆಯಲ್ಲಿ ಇನ್ನೊಂದು. ಈ ಪರೀಕ್ಷೆಯಲ್ಲಿ ಹುಡುಗಿ ಎರಡು ಸಲ ನಪಾಸಾಗಿದ್ದಳು. ನಿನ್ನೆ ಇಳಿಹೊತ್ತಿನಲ್ಲಿ ಅವಳಪ್ಪ, ನನ್ನ ಮಗ ಸಿದ್ದಣ್ಣ, ಎತ್ತಿಗೆ ನೀರು ತೋರಿಸುತ್ತ, "ನಾಳಿಗೂ ಆಗ್ಲಿಲ್ಲಂದ್ರ ಕ್ಲಾಸು ಸಾಕು ಮಾಡವ್ವ. ದಿನಾ ಬಸ್ಸಿನ್ಯಾಗ ನಿಂತು ಹೋಗಿ ಅಳಕೋತ ಬರೂದು ನನ್ನ ಕಡಿಂದ ನೋಡಾಕ ಆಗವಲ್ದು" ಎಂದ.

ಆಕೆ ವಹಿ ಹಿಡಿದು ನನ್ನ ಪಕ್ಕ ಬಂದು ಕುಳಿತಳು.

"ಮುತ್ಯಾ, ತೆರದದ್ದೆಲ್ಲಾ ಮುಚ್ಚೀನಿ. ಎಣಿಸಿ ನೋಡೀನಿ, ಒಂದೂ ಬಿಟ್ಟಿಲ್ಲ. ಆದ್ರೂ ಮಷೀನು ಒಲ್ಲೆ ಅಂತದ."

ಎಲ್ಲ ಇದೆ, ಆದರೂ ಒಲ್ಲೆ. ಈ ಮಾತು ನನ್ನನ್ನು ಚುಚ್ಚಿತು. ಏಕೆಂದರೆ ನಲವತ್ತು ವರ್ಷದ ಹಿಂದೆ ನಾನೂ ಅಂಥದೇ ಒಂದು ಕೆಲಸ ಮಾಡಿದವನು. ಜೋಳ ಕೂಡಿಡಲು ನೆಲದೊಳಗೆ ತೋಡಿದ ಹಗೇವು ನಮ್ಮ ಮನೆಯ ಮುಂದಿತ್ತು. ತೆರೆಯುವಾಗ ಮೊದಲು ಮಣ್ಣು, ಆಮೇಲೆ ಬಂಡೆ, ಕೊನೆಗೆ ಹುಲ್ಲು ತೆಗೆಯಬೇಕು. ಮುಚ್ಚುವಾಗ ಮೊದಲು ಹುಲ್ಲು, ಆಮೇಲೆ ಬಂಡೆ, ಕೊನೆಗೆ ಮಣ್ಣು. ನನ್ನ ಮದುವೆಯಾದ ವರ್ಷ, ಹೊಸ ಮದುಮಗನ ಅವಸರದಲ್ಲಿ, ಬಂಡೆ ಎಳೆದು ಮಣ್ಣು ಮೆತ್ತಿ ತಿರುಗಿ ನೋಡಿದರೆ ಹುಲ್ಲಿನ ಹೊರೆ ಪಕ್ಕದಲ್ಲೇ ಬಿದ್ದಿದೆ! ಮತ್ತೆ ತೆಗೆಯುವ ಬೇಸರಕ್ಕೆ ಅದನ್ನು ಮಣ್ಣಿನ ಮೇಲೆಯೇ ಹರವಿಬಿಟ್ಟೆ. ಸಾಮಾನು ಒಂದೂ ಕಡಿಮೆಯಿರಲಿಲ್ಲ. ಆದರೆ ಒಳಗೆ ತೇವ ತಡೆಯುವ ಹುಲ್ಲಿಲ್ಲದೆ, ಮಳೆಗಾಲ ದಾಟುವಷ್ಟರಲ್ಲಿ ಜೋಳವೆಲ್ಲ ಮುಗ್ಗಿತು. "ಹೊಸ ಸೊಸಿ ಕಾಲಗುಣ" ಎಂದಳು ನಮ್ಮವ್ವ. ನಾನು ಸುಮ್ಮನಿದ್ದೆ. ಒಂದು ದಿನ ಸುಮ್ಮನಿದ್ದವನಿಗೆ ಮರುದಿನ ಬಾಯಿ ತೆರೆಯುವುದು ಇನ್ನಷ್ಟು ಕಷ್ಟ. ಹಾಗೆಯೇ ನಲವತ್ತು ವರ್ಷ ಕಳೆದವು.

ಆ ಸೊಸೆ, ನನ್ನ ಹೆಂಡತಿ ನೀಲಮ್ಮ, ನಿನ್ನೆ ಎದುರಿಗೇ ಕುಳಿತು ತೊಗರಿಬೇಳೆ ಕೇರುತ್ತಿದ್ದಳು. ಹೇಳಿದರೆ ನನ್ನ ಮಾನ ಹೋಗುತ್ತದೆ, ಹೇಳದಿದ್ದರೆ ಹುಡುಗಿಯ ಕ್ಲಾಸು ಹೋಗುತ್ತದೆ. ನೆಲ ನೋಡುತ್ತ, ಒಂದೂ ಬಿಡದೆ ಹೇಳಿದೆ.

ಮಹಾದೇವಿ ವಹಿಯ ಮೇಲೆ ಬೆರಳಾಡಿಸಿ ಚೀರಿದಳು: "ಮುತ್ಯಾ, ಅಡಗಿಮನಿ ಮುಚ್ಚೂಕಿಂತ ಮದ್ಲ ಮನೀನೇ ಮುಚ್ಚಿಬಿಟ್ಟೀನಿ! ನಾನೂ ಮಣ್ಣು ಮದ್ಲ ಮೆತ್ತೀನಿ!"

ಮೊರ ನಿಂತಿತು. ನೀಲಮ್ಮ ತಲೆಯೆತ್ತದೆ ಅಂದಳು: "ಮಣ್ಣಿನ ಮ್ಯಾಲ ಹುಲ್ಲು ಬಿದ್ದದ್ದು ಅವತ್ತೇ ನಾನೂ ನೋಡಿದ್ದೆ ರೀ. ನೀವೇ ಹೇಳ್ತೀರಿ ಅಂತ ಕಾದೆ."

ಮತ್ತೆ ಮೊರ ಆಡತೊಡಗಿತು. ಅದಕ್ಕಿಂತ ದೊಡ್ಡ ಬೈಗುಳವನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ಇಂದು ಸಂಜೆ ಹೋಳಿಗೆ ಮಾಡಿದ್ದರು. ತಾಟು ಹಾಕಿದ ಮೇಲೆ, ಮುಟ್ಟುವ ಮೊದಲು, ಹಗೇವಿನ ಸಂಗತಿಯನ್ನು ಮಗ ಸೊಸೆಯರ ಮುಂದೆಯೂ ಹೇಳಿದೆ. ಚಿಕ್ಕಂದಿನಿಂದ ಅಜ್ಜಿಯ ಬಾಯಲ್ಲಿ ಕಾಲಗುಣದ ಮಾತು ಕೇಳುತ್ತ ಬೆಳೆದ ಸಿದ್ದಣ್ಣ ಅವ್ವನ ಕಡೆ ತಿರುಗಿ ನೋಡಿದ. ಆಮೇಲೆ ಮಗಳಿಗೆ, "ನಾಳಿಗಿ ನಾನೇ ಬಸ್ಸಿಗಿ ಹತ್ತಿಸಿ ಬರ್ತೇನಿ" ಎಂದ. ಎದ್ದು ಒಂದು ತಾಟು ತಂದು ತನ್ನ ಪಕ್ಕದಲ್ಲಿಟ್ಟ. ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು, ಎಲ್ಲರ ಕೊನೆಗೆ ಉಣ್ಣುವವಳು ನೀಲಮ್ಮ. "ಕೂಡಬೇ ಯವ್ವಾ" ಎಂದ. ಕುಳಿತಳು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿ, "ಏನ್ರೀ, ಹೋಳಿಗಿ ವಾಸನಿ?" ಎಂದಳು. ಮಧ್ಯಾಹ್ನದಿಂದ ಸುದ್ದಿ ಸಾರಿದ ನಾನು ಈಗ ಹೇಳುವ ಸರದಿಯನ್ನು ನೀಲಮ್ಮನಿಗೇ ಬಿಟ್ಟೆ.

ನೀಲಮ್ಮ ತುತ್ತು ನುಂಗಿ ಹೇಳಿದಳು: "ನಮ್ಮ ಮಹಾದೇವಿ ಪಾಸಾದ್ಳು. ಮುದುಕರೂ ಪಾಸಾದ್ರು, ಜರಾ ತಡಾ ಆತು."

ಎಲ್ಲರೂ ನಕ್ಕರು. ನಾನು ನನ್ನ ತಾಟಿನ ತುಪ್ಪದ ಬಟ್ಟಲನ್ನು ಆಕೆಯ ಕಡೆಗೆ ಸರಿಸಿ, ಆಮೇಲೆ ತುತ್ತು ಮುರಿದೆ.