ಗಾಳಿ ಇಲ್ಲದ ಗಡ್ಡೆ

ಅಪ್ಪನ ತಂಗಿ, ನಮ್ಮ ಸೋದರತ್ತೆ, ಕೂರುತ್ತಿದ್ದದ್ದು ಒಂದೇ ತೊಡೆಯ ಮೇಲೆ ಭಾರ ಹಾಕಿ. ಮಸ್ಕಿಯ ಬಸ್ ಸ್ಟ್ಯಾಂಡಿನೆದುರು ಮಿರ್ಚಿ ಕರಿಯುವಾಗಲೂ ಹಾಗೇ ವಾರೆಯಾಗಿ ಕೂತು ಗಿರಾಕಿಗಳನ್ನು ಗದರುತ್ತಿದ್ದಳು. "ಅವಸರ ಮಾಡಬ್ಯಾಡ್ರಿ. ಹಸೀದು ತಿಂದು ಲಿಂಗಸುಗೂರತನಕ ನನ್ನ ಬೈಕೋತ ಹೋಗ್ತೀರಿ." ರಕ್ತ ಹೋಗುವುದನ್ನು ಮೂಲವ್ಯಾಧಿ ಅಂದುಕೊಂಡು ಬಹಳ ದಿನ ಮುಚ್ಚಿಟ್ಟಿದ್ದಳು. ಜಾಗವೇ ಅಂಥದ್ದು, ಯಾರಿಗೆ ತಾನೇ ಹೇಳಿಯಾಳು?

ಗಂಡ ತೀರಿದ ಮೇಲೆ ಅವಳಿದ್ದದ್ದು ಮೈದುನನ ಮನೆಯಲ್ಲಿ. ಆಕೆ ಸೊರಗುತ್ತ ಬಂದಂತೆ ಮನೆಯವರು ಗಾಳಿ ಬಡಿದಿದೆ ಎಂದರು. ನಮ್ಮ ಕಡೆ ಹಾಗೆಂದರೆ ದೆವ್ವದ ಕಾಟ. ಓರಗಿತ್ತಿ ತನ್ನ ಕೂಸನ್ನು ಅವಳ ಹತ್ತಿರ ಬಿಡುವುದನ್ನೇ ನಿಲ್ಲಿಸಿದಳು. ಮಕ್ಕಳಿಲ್ಲದ ಅತ್ತೆಗೆ ರೋಗಕ್ಕಿಂತ ಅದೇ ದೊಡ್ಡ ಸಂಕಟ.

ತೊಂಬತ್ತರ ದಶಕ. ಸಿಂಧನೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನೇ ಅವಳನ್ನು ದೂರದ ಆಸ್ಪತ್ರೆಗೆ ಕರೆದೊಯ್ದೆ. ಗುದನಾಳದ ಕ್ಯಾನ್ಸರ್ ಎಂದರು. ಕರೆಂಟ್ ಕೊಟ್ಟರು, ಅಂದರೆ ವಿಕಿರಣ ಚಿಕಿತ್ಸೆ. ಗಡ್ಡೆ ಜಗ್ಗಲಿಲ್ಲ. ಅಲ್ಲಿನ ವೈದ್ಯರೊಬ್ಬರು ಇಂಥ ಗಡ್ಡೆಗಳಲ್ಲಿ ಆಮ್ಲಜನಕ ಎಷ್ಟು ಕಡಿಮೆ ಎಂದು ಅಭ್ಯಾಸ ಮಾಡುತ್ತಿದ್ದರು. ಸಣ್ಣ ಸೂಜಿ ಚುಚ್ಚಿ ಅಳೆಯಬೇಕು, ನಿಮಗೆ ಲಾಭವಿಲ್ಲ, ಮುಂದಿನವರಿಗೆ ಆದೀತು ಎಂದು ಬಿಡಿಸಿ ಹೇಳಿದರು.

"ಅಳೀರಿ," ಎಂದಳು ಅತ್ತೆ. "ಕುಂಡಿಗೆ ಸೂಜಿ ನನಗೇನು ಹೊಸಾದಲ್ಲ."

ಫಲಿತಾಂಶ ಹೇಳುವ ದಿನ ಮೈದುನನೂ ಬಂದಿದ್ದ. ಅವನಿಗೆ ತಿಳಿಯಲೆಂದು ವೈದ್ಯರು ಮಾತು ಸರಳ ಮಾಡಿದರು: "ಗಡ್ಡೆಯೊಳಗೆ ಗಾಳಿ ಇಲ್ಲಪ್ಪ. ಅದಕ್ಕೇ ಕರೆಂಟ್ ಕೆಲಸ ಮಾಡ್ತಿಲ್ಲ."

ಮೈದುನ ಕೈ ಮುಗಿದ. "ಗಾಳಿ ಇಲ್ಲೇನ್ರಿ ಸಾಹೇಬ್ರ? ಖರೇ ಏನ್ರಿ?"

"ಹೌದು. ಅಳೆದು ನೋಡಿದ್ದೀವಿ."

ನಾನು ತಿದ್ದಲು ಬಾಯಿ ತೆರೆದೆ. ಅತ್ತೆ ಚಿವುಟಿದಳು. ಅದು ಕೆಟ್ಟ ಸುದ್ದಿಯೆಂದು ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು. ಮೈದುನ ಹೊರಗೆ ಹೋದ ಮೇಲೆ ಮೆಲ್ಲಗೆ ಹೇಳಿದಳು: "ಸುಮ್ನಿರು ಬೇ. ಊರಾಗ ಅವನೇ ಹೇಳ್ಲಿ."

ಅವನು ಹೇಳಿದ, ಓಣಿ ಓಣಿಗೆ ಹೋಗಿ. "ಮಷೀನ್ ಹಚ್ಚಿ ನೋಡ್ಯಾರ. ಗಾಳಿ ಗೀಳಿ ಏನಿಲ್ಲಂತ."

ಆಪರೇಷನ್ನಿನ ಕಾಲ ಮೀರಿತ್ತು. ಈಗ ನಾನೂ ಅಂಥ ಗಡ್ಡೆಗಳ ಆಮ್ಲಜನಕ ಅಳೆಯುವ ಕೆಲಸದಲ್ಲಿದ್ದೇನೆ. ಅವಳು ಚುಚ್ಚಿಸಿಕೊಂಡ ಆ ಸೂಜಿಯ ಲಾಭ ಪಡೆದ ಮುಂದಿನವರಲ್ಲಿ ನಾನೇ ಮೊದಲಿನವಳು. ಆ ಋಣ ತೀರುವಂಥದ್ದಲ್ಲ.

ಅತ್ತೆ ಹೋದದ್ದು ಒಂದು ಮಧ್ಯಾಹ್ನ. ಕೂಸು ಅವಳ ಪಕ್ಕದಲ್ಲಿ ಸೆರಗು ಹಿಡಿದು ನಿದ್ದೆ ಹೋಗಿತ್ತು. ಎತ್ತಿಕೊಳ್ಳಲು ಬಂದವರನ್ನು ಓರಗಿತ್ತಿಯೇ ತಡೆದಳು. "ಮಲಗ್ಲಿ ಬಿಡ್ರಿ," ಎಂದಳು.