ಆರು ನಿಮಿಷದ ನಡಿಗೆ

ನಂಬಿ ಎಂದು ನಾನೇನೂ ಕೈಮುಗಿಯುವುದಿಲ್ಲ. ದೆವ್ವದ ಮಾತೆತ್ತಿದವರನ್ನು ಗೇಲಿ ಮಾಡಿಕೊಂಡೇ ಬೆಳೆದವಳು ನಾನು. ಆದರೆ ಇದು ನಡೆದದ್ದು ನನಗೇ, ಕೊಪ್ಪಳದಲ್ಲೇ, ಹೋದ ಚಳಿಗಾಲದಲ್ಲಿ.

ಈಗ ನಾನು ಫಿಸಿಯೋಥೆರಪಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮುಂಚೆ ಒಂದು ಆಸ್ಪತ್ರೆಯಲ್ಲಿದ್ದೆ. ಹೃದಯದ ಆಪರೇಷನ್ ಆದವರನ್ನು ಮತ್ತೆ ನಡೆಯುವಂತೆ ಮಾಡುವ ಕೆಲಸ. ಸಾಕುಸಾಕಾಗಿತ್ತು. ಕಾಲೇಜಿಗೆ ಸೇರಬೇಕೆಂದರೆ ಒಂದು ಸಂಶೋಧನಾ ಪ್ರಬಂಧ ಬೇಕಿತ್ತು, ಪ್ರಬಂಧಕ್ಕೆ ಇನ್ನೊಬ್ಬರೇ ರೋಗಿ ಬಾಕಿ. ಅವರು ಬೇವೂರಿನ ಹನುಮಪ್ಪ, ಬಸ್ ಓಡಿಸಿ ನಿವೃತ್ತರಾದವರು.

ಪರೀಕ್ಷೆ ಸುಲಭದ್ದು. ವರಾಂಡದಲ್ಲಿ ಆರು ನಿಮಿಷ ಅತ್ತಿಂದಿತ್ತ ನಡೆಯಬೇಕು. ಕೊನೆಗೆ ಏದುಸಿರು ಎಷ್ಟೆಂದು ಸೊನ್ನೆಯಿಂದ ಹತ್ತರೊಳಗೆ ಹೇಳಬೇಕು. ಹತ್ತೆಂದರೆ ತಡೆಯಲಾರೆ ಎಂದರ್ಥ. ಕೂಡಲೇ ಡಾಕ್ಟರನ್ನು ಕರೆಯಬೇಕು.

ಐದನೇ ನಿಮಿಷಕ್ಕೆ ಹನುಮಪ್ಪ ಗೋಡೆ ಹಿಡಿದರು.

"ಸಾಕ್ರಿ ಅಕ್ಕಾರ... ಎದಿ ಹಿಡದಂಗ ಆಗಾಕತ್ತೈತಿ."

"ಇನ್ನ ಒಂದ ನಿಮಿಷ ಐತ್ರಿ ಕಾಕಾ. ನಾಟಕ ಮಾಡಬ್ಯಾಡ್ರಿ, ನಡೀರಿ."

ನಡೆದರು. ಕೊನೆಗೆ "ಹತ್ತು" ಎಂದರು. ಹತ್ತೆಂದು ಬರೆದರೆ ಅವರನ್ನು ಪ್ರಬಂಧದಿಂದ ಕೈಬಿಡಬೇಕು, ಇನ್ನೊಬ್ಬರಿಗಾಗಿ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ನಾನು ನಾಲ್ಕು ಎಂದು ಬರೆದೆ. ಚೀಟಿ ಕೈಗಿಟ್ಟು ಊರಿಗೆ ಕಳಿಸಿದೆ.

ಮೂರನೇ ದಿನ ಅವರ ಹೆಂಡತಿ ಗಂಗವ್ವ ಅದೇ ಚೀಟಿ ಹಿಡಿದು ಬಂದರು.

"ಅವತ್ತ ರಾತ್ರಿನ ಎದಿ ನೋವ ಬಂತ್ರಿ. ದವಾಖಾನಿಗೆ ಹೋಗೂಣು ಏಳ್ರಿ ಅಂದೆ. ಈ ಚೀಟಿ ತೋರಿಸಿದ್ರು. ಕಲತವರು ನಾಲ್ಕ ಅಂತ ಬರದಾರ, ಏನೂ ಆಗೂದಿಲ್ಲ, ಸುಮ್ನ ಮಕ್ಕೋ ಅಂದ್ರು... ಮುಂಜಾನೆ ಏಳಲಿಲ್ರಿ."

ಆಕೆ ನನ್ನನ್ನು ಬೈಯಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಗಂಡನೇ ನನಗೆ ನೋವು ಹೇಳದೆ ಮುಚ್ಚಿಟ್ಟ ಎಂದುಕೊಂಡಿದ್ದರು. ನಾನು ತಿದ್ದಲಿಲ್ಲ. ನಾಚಿಕೆಯಾಯಿತು ನಿಜ, ಆದರೆ ಅದಕ್ಕಿಂತ ಹೆಚ್ಚು ನಿರಾಳವಾಯಿತು. ಪ್ರಬಂಧ ಅಚ್ಚಾಯಿತು, ಕೆಲಸವೂ ಸಿಕ್ಕಿತು.

ಹೋದ ಚಳಿಗಾಲ, ಪ್ರಾಯೋಗಿಕ ಪರೀಕ್ಷೆಯ ಹಿಂದಿನ ಸಂಜೆ. ಗಂಗಾವತಿಯ ಶಬಾನಾ, ನನ್ನ ವಿದ್ಯಾರ್ಥಿನಿ, "ನಡಿಗಿ ಪರೀಕ್ಷಾ ಒಮ್ಮೆ ಮಾಡಿ ತೋರಸ್ತೀನ್ರಿ ಮೇಡಂ" ಎಂದು ಗಂಟುಬಿದ್ದಳು. ಏಳು ಗಂಟೆಯಾಗಿತ್ತು. ಕಾಲೇಜು ಖಾಲಿ. ರೋಗಿ ಬೇಕಲ್ಲ, ನಾನೇ ನಡೆದೆ. ಅವಳು ಆ ತುದಿಯಲ್ಲಿ ಗಡಿಯಾರ ಹಿಡಿದು ನಿಂತಳು.

ಎರಡನೇ ಸುತ್ತಿಗೆ ಡೀಸೆಲ್ ವಾಸನೆ ಬಂತು. ಮೂರನೇ ಸುತ್ತಿಗೆ ನನ್ನ ಹಿಂದೆ ಚಪ್ಪಲಿಯ ಸಪ್ಪಳ... ಎಳೆದೆಳೆದು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಆದರೆ ಉಸಿರು ಮಾತ್ರ ನಿಲ್ಲುತ್ತಿರಲಿಲ್ಲ... ಸುಂಯ್... ಸುಂಯ್... ನನ್ನ ಕತ್ತಿನ ಹತ್ತಿರವೇ. ತಿರುಗಿ ನೋಡುವ ಧೈರ್ಯ ಬರಲಿಲ್ಲ; ತುದಿ ಬಂದಾಗಲೂ ನೆಲ ನೋಡಿಕೊಂಡೇ ಹೊರಳಿದೆ.

"ನಿಲ್ಲಬ್ಯಾಡ್ರಿ ಮೇಡಂ, ಛಲೋ ನಡದೀರಿ!" ಎಂದು ಶಬಾನಾ ಕೂಗುತ್ತಲೇ ಇದ್ದಳು. ಹಾಗೆ ಹೇಳಬೇಕೆಂದು ಕಲಿಸಿದವಳು ನಾನೇ.

ಅಂತೂ ಆರು ನಿಮಿಷ ಮುಗಿಯಿತು.

"ನಿಮ್ದು ಎಷ್ಟ ಬರೀಲ್ರಿ?"

"ಎರಡು."

ಬರೆದುಕೊಂಡಳು. ಆಮೇಲೆ ನನ್ನ ಭುಜದಾಚೆ ನೋಡಿದಳು.

"ಅಜ್ಜಾರು ಹತ್ತ ಅನ್ನಾಕತ್ತಾರ್ರಿ. ಹತ್ತ ಬರೀಲೇನ್ರಿ?"

"ಯಾವ ಅಜ್ಜಾರು?"

"ನಿಮ್ಮ ಹಿಂದ ನಡದ್ರಲ್ರಿ. ನೀವ ಕರಕೊಂಡ ಬಂದೀರಿ ಅನ್ಕೊಂಡೆ. ಭಾಳ ತ್ರಾಸ ಪಡಾಕತ್ತಾರ್ರಿ... ಡಾಕ್ಟರ್‌ನ ಕರೀಲೇನ್ರಿ?"

ಹತ್ತು ಬರಿ ಎನ್ನಬಹುದಿತ್ತು. ಆದರೆ ಯಾರು, ಎಲ್ಲಿಯವರು ಎಂದು ಈ ಹುಡುಗಿ ಕೇಳಿದರೆ? ನಾಳೆ ಕಾಲೇಜಿಗೆಲ್ಲ ಗೊತ್ತಾದರೆ? ನನಗೆ ಆ ಕ್ಷಣಕ್ಕೂ ಕೆಲಸದ್ದೇ ಚಿಂತೆ.

"ನಾಲ್ಕು ಬರಿ," ಎಂದೆ.

ಶಬಾನಾ ಬರೆದಳು. ನಂತರ ನನ್ನ ಹಿಂದಿನ ಕತ್ತಲೆಗೆ ನಗುನಗುತ್ತಾ ಹೇಳಿದಳು.

"ನಾಲ್ಕ ಐತ್ರಿ ಅಜ್ಜಾರ. ಏನೂ ಆಗೂದಿಲ್ಲ. ಆರಾಮ ಮನಿಗೆ ಹೋಗ್ರಿ."

ಚಪ್ಪಲಿಯ ಸಪ್ಪಳ ಮೆಟ್ಟಿಲಿಳಿಯತೊಡಗಿತು. ನಡುವೆ ಒಮ್ಮೆ ನಿಂತಿತು... ಮತ್ತೆ ಇಳಿಯಿತು.

ಆ ಹಾಳೆಗೆ ಸಹಿ ಹಾಕಿದ್ದೂ ನಾನೇ. ಅಜ್ಜನ ಮುಖ ಹೇಗಿತ್ತೆಂದು ಶಬಾನಾಳನ್ನು ಇವತ್ತಿಗೂ ಕೇಳಿಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಾಳೆ.